ಮಂದಿ ಒಪ್ಪಬೇಕಲ್ಲ

ಮಧ್ಯಾಹ್ನ ಊಟವಾದ ಮೇಲೆ ನನಗೆ ಬರುವುದು ಪೂರ್ತಿ ನಿದ್ದೆಯಲ್ಲ. ಕಿಟಕಿಯ ಪಕ್ಕದ ಮಂಚದ ಮೇಲೆ ಒರಗಿದರೆ ಕಣ್ಣು ಅರ್ಧ ಮುಚ್ಚಿಕೊಳ್ಳುತ್ತದೆ, ಕಿವಿ ಮಾತ್ರ ಎಚ್ಚರವಾಗಿರುತ್ತದೆ. ಆ ಹೊತ್ತಿನಲ್ಲಿ ಮುಂಬಯಿಯ ಈ ಆಂಟಾಪ್ ಹಿಲ್ ಬೇರೆಯೇ ಊರು. ವಡಾಲಾ ಕಡೆಯ ಉಪ್ಪಿನ ಗದ್ದೆಗಳಿಂದ ಎದ್ದ ಬೆಳ್ಳನೆಯ ಮಬ್ಬು ದೂರದ ಟವರುಗಳ ಬುಡವನ್ನು ಅಳಿಸಿಬಿಡುತ್ತದೆ. ಮೇಲಿನ ಮಹಡಿಗಳು ಯಾವ ಆಧಾರವೂ ಇಲ್ಲದೆ ಸುಮ್ಮನೆ ನಿಂತಿರುತ್ತವೆ. ನಾನು ಹೇಳುತ್ತಿರುವ ವರ್ಷ ಮೊನೊರೈಲು ಇನ್ನೂ ಓಡುತ್ತಿತ್ತು. ಒಂದಿಬ್ಬರನ್ನು ಕೂರಿಸಿಕೊಂಡು ಮಬ್ಬಿನೊಳಗಿಂದ ಬಂದು ಮಬ್ಬಿನೊಳಗೇ ಹೋಗುತ್ತಿತ್ತು. ಅದರಲ್ಲಿ ಕೂತವರು ಎಲ್ಲಿಗೆ ಹೋಗುತ್ತಾರೆಂದು ನಾನು ಯಾವತ್ತೂ ವಿಚಾರ ಮಾಡಿದವಳಲ್ಲ. ನನಗೆ ಅದು ಹಾದು ಹೋದರೆ ಸಾಕಾಗಿತ್ತು.

ಲಿಫ್ಟ್ ಇಲ್ಲದ ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ಯಾರು ಬಂದರೆಂದು ತಿಳಿಯಲು ಮಂಚದಿಂದ ಏಳಬೇಕಾಗಿಲ್ಲ. ಹೆಜ್ಜೆ ಕೇಳಿದರೆ ಸಾಕು. ಚಪ್ಪಲಿ ಎಳೆಯುತ್ತ, ಪ್ರತಿ ಮಹಡಿಯಲ್ಲೂ ನಿಂತು ಉಸ್ಸೆನ್ನುವವರು ನನ್ನ ಯಜಮಾನರು. ಎರಡೆರಡು ಮೆಟ್ಟಿಲು ಒಟ್ಟಿಗೇ ಏರಿ ಬರುವವರು ಟೀಸಿ ಬಾಯಿ. ನಮ್ಮ ಎದುರು ಮನೆಯವರು. ಲೋಕಲ್ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವ ಕೆಲಸ ಆಕೆಯದು, ಹಾಗಾಗಿ ಬಿಲ್ಡಿಂಗಿನವರ ಬಾಯಲ್ಲಿ ಅದೇ ಹೆಸರು. ಆಕೆ ಹಳಿಯಾಳದ ಕಡೆಯ ಸಿದ್ದಿ ಹೆಂಗಸು. ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ಹಡಗಿನಲ್ಲಿ ಬಂದು ಗೋವೆಯಲ್ಲಿ ಇಳಿದವರು, ಅಲ್ಲಿಂದ ತಪ್ಪಿಸಿಕೊಂಡು ಕಾಡು ಸೇರಿದವರು, ಅವರ ವಂಶದವರು. ಹುಡುಗಿಯಾಗಿದ್ದಾಗ ಬರಿಗಾಲಲ್ಲಿ ಓಡುವುದನ್ನು ಕಂಡು ಯಾರೋ ಕ್ರೀಡಾ ಶಾಲೆಗೆ ಸೇರಿಸಿದರು. ಓಟದಿಂದ ಪದಕ ಬಂತು, ಪದಕದಿಂದ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಬಂತು, ಕೆಲಸ ಆಕೆಯನ್ನು ಮುಂಬಯಿಗೆ ತಂದಿತು. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿವೆ. ಮಗಳು ಪುಣೆಯಲ್ಲಿ ಓದುತ್ತಿದ್ದಾಳೆ.

ರೈಲಿನಲ್ಲಿ ಜನ ಆಕೆಯೊಡನೆ ಇಂಗ್ಲಿಷಿನಲ್ಲೇ ಮಾತು ಶುರು ಮಾಡುತ್ತಾರೆ. ಆಕೆ ಮರಾಠಿಯಲ್ಲಿ ಟಿಕೆಟ್ ತೋರಿಸಿ ಎಂದರೆ ಬೆಚ್ಚಿ ಬೀಳುತ್ತಾರೆ. ಒಮ್ಮೆ ಫಸ್ಟ್ ಕ್ಲಾಸಿನಲ್ಲಿ ಕೂತ ಒಬ್ಬ ಹೆಂಗಸು ಬಹಳ ಪ್ರೀತಿಯಿಂದ, ನಿಮ್ಮ ದೇಶ ಯಾವುದು ಎಂದು ಕೇಳಿದಳಂತೆ. ಹಳಿಯಾಳ ಎಂದರೆ, ಅದು ಕೀನ್ಯಾದ ಹತ್ತಿರವೇ ಎಂದಳಂತೆ. ಇದನ್ನು ಹೇಳುತ್ತ ಟೀಸಿ ಬಾಯಿ ನಮ್ಮ ಅಡುಗೆ ಮನೆಯ ಕಟ್ಟೆಗೆ ಆತುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ಆಕೆ ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡುತ್ತ ನಿಂತರು. ನಾನು ಚಹಾಕ್ಕೆ ನೀರಿಟ್ಟೆ.

ಬಣ್ಣದ ವಿಷಯ ನನಗೂ ಹೊಸದಲ್ಲ. ನನ್ನನ್ನು ನೋಡಲು ವರನ ಕಡೆಯವರು ಬಂದಾಗಲೆಲ್ಲ ನಮ್ಮ ಸೋದರತ್ತೆ, ಸಾದಗಪ್ಪು ಎನ್ನಲು ಬಾಯಿ ಬಾರದೆ, ಹುಡುಗಿ ಎಣ್ಣೆಗೆಂಪು ಎನ್ನುತ್ತಿದ್ದಳು. ಎಣ್ಣೆಯೂ ಇರಲಿಲ್ಲ, ಕೆಂಪೂ ಇರಲಿಲ್ಲ. ಆದರೂ ಒಬ್ಬರು ಒಪ್ಪಿದರು, ಧಾರವಾಡದಿಂದ ನನ್ನನ್ನು ಇಲ್ಲಿಗೆ ಕರೆದುಕೊಂಡು ಬಂದರು. ಆ ಉಪಕಾರವನ್ನು ಅವರು ಒಂದು ದಿನವೂ ಎತ್ತಿ ಆಡಿದವರಲ್ಲ. ಒಳ್ಳೆಯ ಮನುಷ್ಯ. ಇದನ್ನು ಇಲ್ಲಿಯೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ.

ನಮ್ಮ ಸೊಸಾಯಿಟಿಯಲ್ಲಿ ಬಹುಪಾಲು ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯ ಮನೆಗಳು. ಅಧ್ಯಕ್ಷರಾಗಿದ್ದ ಹಿರಿಯರು ಸಾಕಪ್ಪ ಎಂದು ಕೈ ತೊಳೆದುಕೊಂಡಾಗ ಹೊಸಬರ ಮಾತು ಎದ್ದಿತು. ಕಟ್ಟಡ ಒಡೆದು ಹೊಸದು ಕಟ್ಟುತ್ತೇವೆಂದು ಬಿಲ್ಡರುಗಳು ಸುತ್ತುತ್ತಿದ್ದ ಕಾಲ ಅದು. ಯಾರ ಮುಲಾಜಿಗೂ ಬೀಳದೆ ಎದುರು ನಿಂತು ಮಾತಾಡುವವರು ಬೇಕಿತ್ತು. ನೀರು ಬರದಿದ್ದರೆ ವಾರ್ಡ್ ಆಫೀಸಿಗೆ ಹೋಗಿ ಕೂರುವವರು ಟೀಸಿ ಬಾಯಿ. ಟೆರೇಸು ಸೋರಿದರೆ ಡಾಂಬರು ಹಾಕಿಸುವವರು ಟೀಸಿ ಬಾಯಿ. ಯಾರದೋ ಮನೆಯಲ್ಲಿ ಬಸುರಿ ಹೆಂಗಸಿಗೆ ನೋವು ಬಂದರೆ ಟ್ಯಾಕ್ಸಿ ಹಿಡಿದು ಜೊತೆಗೆ ಹೋಗುವವರೂ ಅವರೇ. ಆ ಸಲ ಆಕೆ, ನಾನು ನಿಲ್ಲುತ್ತೇನೆ ಎಂದರು. ಎದುರಿಗೆ ನಿಂತವರು ಮೂರನೆಯ ಮಹಡಿಯ ಬೆಳಗಾವಿಯ ಬಟ್ಟೆ ವ್ಯಾಪಾರಿ. ಬೆಳ್ಳಗೆ ದುಂಡಗೆ ಇದ್ದಾರೆ, ಮೆತ್ತಗೆ ಮಾತಾಡುತ್ತಾರೆ. ನೀರಿನ ಪಂಪಿನ ಸ್ವಿಚ್ಚು ಎಲ್ಲಿದೆ ಎಂದು ಆಗ ಅವರಿಗೆ ಗೊತ್ತಿದ್ದಿದ್ದರೆ ನನ್ನ ಹೆಸರು ಬದಲಿಸಿ.

ಅದೇ ಹೊತ್ತಿಗೆ ಟಿವಿಯಲ್ಲಿ ಅಮೆರಿಕದ ಚುನಾವಣೆ ನಡೆದಿತ್ತು. ಅಲ್ಲಿ ಒಬ್ಬ ಕಪ್ಪು ಹೆಂಗಸು ದೇಶದ ದೊಡ್ಡ ಕುರ್ಚಿಗೆ ನಿಂತಿದ್ದಳು. ಸಂಜೆ ಗೇಟಿನ ಹತ್ತಿರದ ಬೆಂಚಿನ ಮೇಲೆ ನಮ್ಮ ಗಂಡಸರು ಕಾಲು ನೀಡಿ ಕೂತು ಆಕೆಯ ಭವಿಷ್ಯ ಹೇಳುತ್ತಿದ್ದರು. ನಾನು ತರಕಾರಿ ಚೀಲ ಹಿಡಿದು ಹಾದು ಹೋಗುವಾಗಲೆಲ್ಲ ಒಂದೊಂದು ತುಣುಕು ಕಿವಿಗೆ ಬೀಳುತ್ತಿತ್ತು.

“ಎಷ್ಟ ಮುಂದವರದ್ರೇನು, ಬಣ್ಣದ ಹುಚ್ಚು ಹೋಗಿಲ್ಲ ನೋಡ್ರಿ ಅವರಿಗೆ.”

“ಎದುರಿಗೆ ಹೌದು ಹೌದು ಅಂತಾರ, ಒಳಗ ಹೋಗಿ ಬ್ಯಾರೆ ಬಟನ್ ಒತ್ತತಾರ.”

ಬಹಳ ಶಾಣ್ಯಾತನದ ಮಾತು ಎಂದು ನನಗೂ ಅನಿಸಿತು. ಆದರೆ ಮಾತು ನಮ್ಮ ಸೊಸಾಯಿಟಿಯ ಕಡೆ ತಿರುಗಿದರೆ ಅದೇ ಬಾಯಿಗಳು ಮೆತ್ತಗಾಗುತ್ತಿದ್ದವು. ಟೀಸಿ ಬಾಯಿ ಛಲೋ ಹೆಂಗಸು, ಅದರಲ್ಲಿ ಎರಡು ಮಾತಿಲ್ಲ. ನಮಗೇನೂ ಇಲ್ಲ. ಆದರೆ ಮಂದಿ ಒಪ್ಪಬೇಕಲ್ಲ? ನಾಳೆ ಬಿಲ್ಡರ್ ಬಂದ, ಎದುರಿಗೆ ಅಧ್ಯಕ್ಷರು ಯಾರೆಂದು ಕೇಳಿದ, ನೋಡಿದವರು ಏನೆಂದುಕೊಂಡಾರು? ಆಗಸ್ಟ್ ಹದಿನೈದಕ್ಕೆ ಝೆಂಡಾ ಏರಿಸುವಾಗ ಪಕ್ಕದ ಬಿಲ್ಡಿಂಗಿನವರು ಇಣುಕಿ ನೋಡಿ ನಗುವುದಿಲ್ಲವೇ? ಹೀಗೆ.

ನನ್ನ ಯಜಮಾನರೂ ಒಂದು ಸಂಜೆ ಇದೇ ರಾಗ ಎಳೆದರು. “ನಂದೇನೂ ಇಲ್ಲ. ಆಕಿ ಆದ್ರ ಛಲೋನ. ಆದ್ರ ಮಂದಿ...”

ನನಗೆ ಸಿಟ್ಟು ನೆತ್ತಿಗೇರಿತು. “ಅಲ್ರೀ, ಈ ಮಂದಿ ಅನ್ನೋರು ಯಾವ ಮಹಡಿಯೊಳಗ ಇರ್ತಾರ? ಹೇಳ್ರಿ, ಹೋಗಿ ಮಾತಾಡಿ ಬರ್ತೀನಿ.”

ನಿಜವಾಗಿಯೂ ಹೋದೆ. ತರಕಾರಿಗೆಂದು ಒಮ್ಮೆ ಇಳಿದು ಬಂದರೆ ಮೊಣಕಾಲು ನೋವೆಂದು ಮತ್ತೆ ಮೆಟ್ಟಿಲು ಮುಟ್ಟದವಳು ಮನೆ ಮನೆಯ ಬೆಲ್ ಒತ್ತಿದೆ. ಎಲ್ಲರೂ ಆದರದಿಂದ ಕೂರಿಸಿದರು, ಎಲ್ಲರೂ ಟೀಸಿ ಬಾಯಿಯನ್ನು ಹೊಗಳಿದರು. ಮೊದಲನೆಯ ಮಹಡಿಯವರು ಎರಡನೆಯ ಮಹಡಿಯವರ ಮೇಲೆ ಸಂಶಯಪಟ್ಟರು. ಎರಡನೆಯವರು, ಮೂರನೆಯವರನ್ನು ಒಪ್ಪಿಸಿರಿ, ನಾವು ಇದ್ದೇ ಇದ್ದೇವೆ ಎಂದರು. ನಾನು ಸುಸ್ತಾಗಿ ಮನೆಗೆ ಬಂದು ಮಂಚದ ಮೇಲೆ ಬಿದ್ದುಕೊಂಡೆ.

ಅಷ್ಟರಲ್ಲಿ ನಮ್ಮ ಬಿಲ್ಡಿಂಗಿನ ಹೆಣ್ಣುಮಕ್ಕಳು ಒಂದು ಉತ್ಸಾಹದ ಕೆಲಸ ಮಾಡಿದರು. ಮುಂಬಯಿಯಲ್ಲಿ ಫ್ಲೆಕ್ಸ್ ಇಲ್ಲದೆ ಯಾವ ಶುಭಕಾರ್ಯವೂ ನಡೆಯುವುದಿಲ್ಲವಷ್ಟೇ. ಹಬ್ಬಕ್ಕೆ, ಬರ್ತ್‌ಡೇಗೆ, ಹತ್ತನೆಯ ಕ್ಲಾಸು ಪಾಸಾಗಿದ್ದಕ್ಕೆ ಎಲ್ಲದಕ್ಕೂ ಮುಖದ ಫೋಟೋ ಗೇಟಿಗೆ ಏರಬೇಕು. ಕೆಳಗಿನ ಮನೆಯ ವಿಜಯಪುರದ ಅಕ್ಕಾರು ತಾವೇ ಧಾರಾವಿಗೆ ಹೋಗಿ, ಗುರುತಿನ ಅಂಗಡಿಯಲ್ಲಿ ಟೀಸಿ ಬಾಯಿಯ ದೊಡ್ಡ ಫ್ಲೆಕ್ಸ್ ಮಾಡಿಸಿ ತಂದರು. ಪಾರ್ಕಿಂಗಿನಲ್ಲಿ ಅದನ್ನು ಬಿಚ್ಚಿ ಹಾಸಿದೆವು. ಗುಲಾಬಿ ಹೂಗಳ ನಡುವೆ ಕೈ ಜೋಡಿಸಿ ನಗುತ್ತಿದ್ದ ಹೆಂಗಸು ಗೋದಿ ಬಣ್ಣದವಳು. ಸೀರೆ ಟೀಸಿ ಬಾಯಿಯದು, ನಗು ಟೀಸಿ ಬಾಯಿಯದು, ಗುಂಗುರು ಕೂದಲೂ ಆಕೆಯದೇ. ಬಣ್ಣ ಮಾತ್ರ ಯಾರದೋ.

“ಇದೇನ್ರಿ ಅಕ್ಕಾರ, ಹಿಂಗ್ಯಾಕ ಮಾಡಿಸೀರಿ?” ಎಂದೆ.

“ಯಾಕ್ರಿ, ಛಲೋ ಬಂದದಲ್ಲ? ಅಂವಾ ಎಲ್ಲಾರದೂ ಸ್ವಲ್ಪ ಬೆಳ್ಳಗ ಮಾಡ್ತಾನ. ನಮ್ಮ ಮಗನ ಲಗ್ನದಾಗೂ ಮಾಡಿದ್ದ. ಇಕಿದು ಒಂದ ಚೂರು ಜಾಸ್ತಿ ಮಾಡು ಅಂತ ನಾನ ಹೇಳ್ದೆ. ಮಂದಿ ನೋಡ್ತಾರಲ್ರೀ.”

ಅವರ ಮುಖದಲ್ಲಿ ಕಪಟವಿರಲಿಲ್ಲ. ಬಿಸಿಲಲ್ಲಿ ಹೋಗಿ, ಅಷ್ಟು ದೊಡ್ಡ ಸುರುಳಿಯನ್ನು ಟ್ಯಾಕ್ಸಿಯಲ್ಲಿ ಅಡ್ಡ ಹಿಡಿದುಕೊಂಡು ತಂದಿದ್ದರು. ಅವರ ಮೇಲೆ ರೇಗಲು ನನಗೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ಡ್ಯೂಟಿ ಮುಗಿಸಿ ಗೇಟಿನೊಳಗೆ ಬಂದ ಟೀಸಿ ಬಾಯಿ, ಕಪ್ಪು ಕೋಟನ್ನು ತೋಳಿಗೆ ಹಾಕಿಕೊಂಡು, ನೆಲದ ಮೇಲಿನ ತಮ್ಮನ್ನೇ ಬಗ್ಗಿ ನೋಡಿದರು. ನಿಧಾನವಾಗಿ ಒಂದು ಸುತ್ತು ಬಂದರು.

“ಯಾರ್ರಿ ಇಕಿ? ಭಾಳ ಛಲೋ ಅದಾಳಲ್ಲ. ಇಕಿ ನಿಂತ್ರ ಗೆದ್ದಾ ಗೆಲ್ತಾಳ ಬಿಡ್ರಿ.”

ಎಲ್ಲರೂ ನಕ್ಕರು. ಆಕೆಯೂ ನಕ್ಕರು. ವಿಜಯಪುರದ ಅಕ್ಕಾರ ಭುಜ ತಟ್ಟಿ, ಬಹಳ ತ್ರಾಸು ತಗೊಂಡಿರಿ ಎಂದರು. ಮೆಟ್ಟಿಲೇರುವಾಗ ಮಾತ್ರ ಆಕೆಯ ಕಾಲು ಒಂದೊಂದೇ ಮೆಟ್ಟಿಲು ಹತ್ತಿತು. ನಾನು ಹಿಂದೆಯೇ ಇದ್ದೆ. ನನ್ನನ್ನು ಅತ್ತಿಗೆಯ ಸಲಿಗೆಯಲ್ಲಿ ವೈನಿ ಎನ್ನುವ ಆಕೆ ಬಾಗಿಲ ಹತ್ತಿರ ಬೀಗದ ಕೈ ಹಿಡಿದು ನಿಂತು ಹೇಳಿದರು.

“ವೈನಿ, ಆಯಿತಾರ ಮೀಟಿಂಗಿನ್ಯಾಗ ನಾ ಚೀಟಿ ಹಾಕ್ರಿ ಅಂತ ಕೇಳಾಕಿ.”

ನಮ್ಮ ಸೊಸಾಯಿಟಿಯಲ್ಲಿ ಯಾವತ್ತೂ ಗುಟ್ಟಾಗಿ ಹೆಸರು ಬರೆದು ಚೀಟಿ ಹಾಕಿದ್ದಿಲ್ಲ. ಹೆಸರು ಕೂಗುವುದು, ಕೈ ಎತ್ತುವುದು, ಚಹಾ ಕುಡಿದು ಏಳುವುದು. ಕೈ ಎತ್ತುವ ಪದ್ಧತಿಯ ಮೇಲೆಯೇ ನನ್ನ ಭರವಸೆಯೆಲ್ಲ ನಿಂತಿತ್ತು. ಆಕೆ ಎದುರಿಗೆ ಕೂತಿರುವಾಗ, ಆಕೆಯಿಂದ ಉಪಕಾರ ಪಡೆದವರು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುವುದು ಸಾಧ್ಯವೇ? ದಾಕ್ಷಿಣ್ಯ ಎನ್ನುವುದು ಒಂದು ಇದೆಯಲ್ಲ. ನಮ್ಮವರಿಗೆ ಬೇರೆ ಏನಿಲ್ಲದಿದ್ದರೂ ಅದು ಧಾರಾಳವಾಗಿದೆ.

“ಹುಚ್ಚರೇನ್ರಿ ನೀವು? ಕೈ ಎತ್ತಿಸಿದ್ರ ಗೆಲ್ತೀರಿ.”

“ಅದಕ್ಕರೀ,” ಎಂದರು ಆಕೆ.

ಒಳಗೆ ಹೋಗಿ ನೀರು ಕುಡಿದು ಬಂದು ಮತ್ತೆ ಹೇಳಿದರು. “ನಾಚಿಕಿಗೆ ಕೈ ಎತ್ತಿಸ್ಕೊಂಡು ಗೆದ್ದು ಏನ ಮಾಡ್ಲಿ? ನಾ ಟ್ರ್ಯಾಕಿನ್ಯಾಗ ಓಡಿದಾಕಿ. ಅಲ್ಲಿ ಯಾರೂ ಪಾಪ ಅಂತ ದಾರಿ ಬಿಡಂಗಿಲ್ಲ. ಗೆದ್ರ ಗೆದ್ದೆ ಅಂತ ಗೊತ್ತಾಕ್ಕೈತಿ. ಇಲ್ಲಿ ಇಷ್ಟ ವರ್ಷ ಇದ್ದೀನಿ. ನಾ ನೋಡಲಾರದಾಗ ಇವರಿಗೆ ನಾ ಬೇಕೋ ಬ್ಯಾಡೋ, ಒಮ್ಮೆ ತಿಳಕೋಬೇಕ್ರಿ.”

ತಿಳಿದುಕೊಂಡು ಏನು ಮಾಡುತ್ತೀರಿ ಎಂದು ನಾನು ಕೇಳಬೇಕಿತ್ತು. ಕೇಳಲು ಹೆದರಿಕೆಯಾಯಿತು.

ಶನಿವಾರ ಮಧ್ಯಾಹ್ನ ನನ್ನ ಅರೆನಿದ್ದೆಯಲ್ಲಿ ಒಂದು ಕನಸು ಬಿತ್ತು. ನಮ್ಮ ಬಿಲ್ಡಿಂಗಿನ ಪ್ರತಿ ಕಿಟಕಿಯ ಬಟ್ಟೆ ಒಣಗಿಸುವ ಕೋಲಿನಿಂದ ಕೈಗಳು ಮೇಲೆದ್ದಿದ್ದವು. ಬಳೆ ಹಾಕಿದ ಕೈ, ಗಡಿಯಾರ ಕಟ್ಟಿದ ಕೈ, ಹಿಟ್ಟು ಮೆತ್ತಿದ ಕೈ. ಎಲ್ಲವೂ ಆಕೆಗಾಗಿಯೇ ಎದ್ದವು ಎಂದು ನನಗೆ ಕನಸಿನಲ್ಲಿ ಹೇಗೋ ಗೊತ್ತಿತ್ತು. ಬಹಳ ಸುಖವಾಗಿತ್ತು. ಮೊನೊರೈಲು ಆ ಕೈಗಳ ಪಕ್ಕದಲ್ಲೇ ಹಾದು ಹೋಯಿತು, ಅದರೊಳಗಿನಿಂದ ಟೀಸಿ ಬಾಯಿ ಕೋಟು ಹಾಕಿಕೊಂಡು ಹೊರಗೆ ನೋಡುತ್ತಿದ್ದರು. ನಾನು ಕೆಳಗೆ ನೋಡಿದೆ. ಕೈಗಳ ಹಿಂದೆ ಮನುಷ್ಯರು ಯಾರೂ ಇರಲಿಲ್ಲ, ಬರೀ ಒದ್ದೆ ಅಂಗಿಗಳ ತೋಳುಗಳಿದ್ದವು. ಎಚ್ಚರವಾದಾಗ ಕುಕ್ಕರ್ ಕೂಗುತ್ತಿತ್ತು, ಯಜಮಾನರು ಗ್ಯಾಸ್ ಸಣ್ಣ ಮಾಡುವುದು ಹೇಗೆಂದು ಕೇಳುತ್ತಿದ್ದರು.

ಆಯಿತಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಬಿದ್ದವು. ಆಕೆ ಎದ್ದು ನಿಂತು ಚೀಟಿಯ ಮಾತು ಎತ್ತಿದರು. ಆಮೇಲೆ ಎಲ್ಲರ ಮುಖದ ಮೇಲೂ ಒಂದು ಹಗುರ ಕಳೆ ಬಂತು. ಅದನ್ನು ನಾನು ಕಣ್ಣಾರೆ ಕಂಡೆ, ಇವತ್ತಿಗೂ ಮರೆಯಲಾರೆ. ಅವರನ್ನು ಕಟ್ಟಿಹಾಕಿದ್ದ ದಾಕ್ಷಿಣ್ಯವನ್ನು ಆಕೆ ತಾವಾಗಿಯೇ ಬಿಚ್ಚಿಕೊಟ್ಟಂತಾಯಿತು.

ನಮ್ಮಲ್ಲಿ ಮನೆಗೊಂದೇ ವೋಟು. ಮನೆ ಯಾರ ಹೆಸರಿನಲ್ಲಿದೆಯೋ ಅವರೇ ಹಾಕಬೇಕು. ನಮ್ಮ ಮನೆ ಯಜಮಾನರ ಹೆಸರಿನಲ್ಲಿದೆ. ಅವರು ಚೀಟಿ ತೆಗೆದುಕೊಂಡು, ಕಂಬದ ಕಡೆ ತಿರುಗಿ ಬರೆದು, ನಾಲ್ಕು ಮಡಿಕೆ ಮಾಡಿ ಡಬ್ಬಿಯೊಳಗೆ ಹಾಕಿ ಬಂದು ನನ್ನ ಪಕ್ಕ ಕೂತರು. ನಾನು ಅವರ ಕಡೆ ನೋಡಲೂ ಇಲ್ಲ. ನೋಡುವ ಅಗತ್ಯವಿದೆಯೆಂದು ಅನಿಸಲಿಲ್ಲ.

ಹಳೆಯ ಅಧ್ಯಕ್ಷರು ಚೀಟಿ ಬಿಚ್ಚಿ ಓದುತ್ತ ಟೇಬಲ್ಲಿನ ಮೇಲೆ ಎರಡು ರಾಶಿ ಮಾಡಿದರು. ಎಡಗಡೆಯದು ವ್ಯಾಪಾರಿಯದು. ಅದು ಬೆಳೆಯುತ್ತ ಹೋಯಿತು. ಬಲಗಡೆ ಟೀಸಿ ಬಾಯಿಗೆ ಬಿದ್ದವು, ಗಾಳಿಗೆ ಹಾರದಂತೆ ಒಂದೇ ಬೆರಳಿನಿಂದ ಒತ್ತಿ ಹಿಡಿಯಬಹುದಾದಷ್ಟು. ಮುಗಿದ ಮೇಲೆ ಮೊದಲು ಎದ್ದವರು ಟೀಸಿ ಬಾಯಿಯೇ. ವ್ಯಾಪಾರಿಯ ಹತ್ತಿರ ಹೋಗಿ ಅಭಿನಂದನೆ ಹೇಳಿ, “ಪಂಪಿನ ಸ್ವಿಚ್ಚು ಮೀಟರ್ ಖೋಲ್ಯಾಗ, ಬಾಗಲದ ಹಿಂದ ಐತ್ರಿ,” ಎಂದರು. ವ್ಯಾಪಾರಿ ಬಹಳ ವಿನಯದಿಂದ ಕೈ ಮುಗಿದರು. ನನಗೆ ಅಳು ಬಂತು. ಎಲ್ಲರೆದುರು ಅಳಬಾರದೆಂದು ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದೆ.

ಸಂಜೆ ಆಕೆಯ ಮನೆಗೆ ಜನ ಬರತೊಡಗಿದರು. ನಾನು ಮಧ್ಯಾಹ್ನದಿಂದಲೂ ಅಲ್ಲಿಯೇ, ಅಡುಗೆ ಮನೆಯಲ್ಲಿದ್ದೆ. ಆ ಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ, ಯಾವ ಪಾತ್ರೆಯ ಹಿಡಿ ಸಡಿಲವಾಗಿದೆ ಎಲ್ಲ ನನಗೆ ಗೊತ್ತು. ಚಹಾ ಕುದಿಸಿ ಕೊಡುತ್ತಿದ್ದೆ, ಆಕೆ ಕಪ್ಪನ್ನು ಬಸಿಯಲ್ಲಿಟ್ಟು ಹೊರಗೆ ಒಯ್ಯುತ್ತಿದ್ದರು. ನಡುವೆ ಬಂದು ನನ್ನ ಲೋಟದಿಂದಲೇ ಒಂದು ಗುಟುಕು ಕುಡಿದು ಹೋಗುತ್ತಿದ್ದರು. ಹೊರಗಿನ ಮಾತು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.

“ನಾವಂತೂ ನಿಮಗ ಹಾಕೀವ್ರಿ ಬಾಯಾರ. ಮಂದೀದು ಹೇಳಾಕ ಬರಂಗಿಲ್ಲ.”

“ಗೊತ್ತೈತ್ರಿ. ಕುಂದರ್ರಿ, ಚಾ ಕುಡದ ಹೋಗ್ರಿ.”

ಅವರು ಹೋದರೆ ಇನ್ನೊಬ್ಬರು. ಅದೇ ಮಾತು. ಆಕೆಯದೂ ಅದೇ ಉತ್ತರ, ಅದೇ ಧ್ವನಿ. ವಿಜಯಪುರದ ಅಕ್ಕಾರು ಬಂದು ಅತ್ತೇಬಿಟ್ಟರು. ಹೊಸ ಅಧ್ಯಕ್ಷರ ಪಕ್ಕದ ಮನೆಯವರು ಕೂಡ ಬಂದು, ಪ್ರಮಾಣ ಮಾಡಿ ಹೇಳುತ್ತೇವೆ ಎಂದರು. ಬೆಳಕು ಇಳಿಯುತ್ತಿತ್ತು. ಕಿಟಕಿಯಾಚೆಯ ಮಬ್ಬು ಕೆಂಪಗಾಗಿತ್ತು, ಅದೇ ಮಾತು ಮತ್ತೆ ಮತ್ತೆ ಕೇಳಿ ನನಗೆ ಕನಸಿನಲ್ಲಿ ನಿಂತ ಹಾಗಾಗತೊಡಗಿತು. ಒಮ್ಮೆ ಖಾಲಿ ಕಪ್ಪುಗಳನ್ನು ತಂದು ಸಿಂಕಿನಲ್ಲಿಟ್ಟು ಆಕೆ ಮೆಲ್ಲಗೆ ನಕ್ಕರು.

“ವೈನಿ, ಇಷ್ಟೆಲ್ಲಾರೂ ಹಾಕಿದ್ರ ನಾ ಸೋತಿದ್ದು ಹ್ಯಾಂಗ್ರೀ?”

ಹಾಲು ಮುಗಿದಿತ್ತು. ತರುತ್ತೇನೆಂದು ನಾನು ನಮ್ಮ ಮನೆಗೆ ಬಂದೆ. ಯಜಮಾನರು ಟಿವಿ ಮುಂದೆ ಕೂತಿದ್ದರು. ಫ್ರಿಜ್ಜಿನ ಬಾಗಿಲು ತೆರೆದು ಹಾಲಿನ ಪಾತ್ರೆ ಎತ್ತಿಕೊಂಡೆ. ಬೆಳಿಗ್ಗೆ ಕೇಳದ ಪ್ರಶ್ನೆ ಆಗ, ಆ ತಣ್ಣನೆಯ ಗಾಳಿಯೆದುರು ನಿಂತಾಗ, ತಾನಾಗಿಯೇ ಬಾಯಿಗೆ ಬಂತು.

“ಏನ್ರೀ, ನೀವು ಯಾರಿಗೆ ಹಾಕಿದ್ರಿ?”

“ಆಕೀಗೇ ಹಾಕೀನಿ,” ಎಂದರು. ಟಿವಿಯಿಂದ ಕಣ್ಣು ತೆಗೆಯಲಿಲ್ಲ. “ಮತ್ತ್ಯಾರಿಗೆ ಹಾಕ್ತಾರ?”

ಇವರ ಸುಳ್ಳುಗಳೆಲ್ಲ ನನಗೆ ಬಾಯಿಪಾಠ. ಗುಳಿಗೆ ತಗೊಂಡೆ ಎಂದು ಸುಳ್ಳು ಹೇಳುವಾಗ ಮೂಗು ಒರೆಸಿಕೊಳ್ಳುತ್ತಾರೆ. ಬಟಾಟೆವಡೆ ತಿಂದು ಬಂದು ತಿಂದಿಲ್ಲವೆನ್ನುವಾಗ ಧ್ವನಿ ಎತ್ತುತ್ತಾರೆ. ಈಗ ಮೂಗು ಒರೆಸಿಕೊಳ್ಳಲಿಲ್ಲ, ಧ್ವನಿಯೂ ಏರಲಿಲ್ಲ. ಹೊತ್ತು ಮುಳುಗುವ ಬೆಳಕಿನಲ್ಲಿ ಅವರ ಮುಖವನ್ನು ಬಹಳ ಹೊತ್ತು ನೋಡಿದೆ. ಎಷ್ಟು ನೋಡಿದರೂ ಏನೂ ಕಾಣಲಿಲ್ಲ. ನಿಜವನ್ನೇ ಹೇಳಿರಬಹುದು. ಹೇಳಿರದೆಯೂ ಇರಬಹುದು. ಇಷ್ಟು ವರ್ಷ ಒಂದೇ ಮಂಚದಲ್ಲಿ ಮಲಗಿದವರ ಬಗ್ಗೆ ಹೀಗೊಂದು ಸಂಶಯ ಬರಬಹುದೆಂದು ನನಗೆ ಗೊತ್ತಿರಲಿಲ್ಲ. ಬಂದದ್ದಕ್ಕೆ ದುಃಖವಾಯಿತು, ನಾಚಿಕೆಯೂ ಆಯಿತು.

ಹಾಲು ಹಿಡಿದು ಎದುರು ಮನೆಗೆ ಹೋದೆ. ಹೊರಗಿನ ಖೋಲಿಯಲ್ಲಿ ನಾಲ್ಕಾರು ಜನ ಕೂತಿದ್ದರು. ಟೀಸಿ ಬಾಯಿ ಬಾಗಿಲಿಗೆ ಬಂದು ಪಾತ್ರೆ ತೆಗೆದುಕೊಂಡರು. ಆಕೆ ಏನೂ ಕೇಳಿರಲಿಲ್ಲ. ನಾನೇ, ಯಾರೋ ಹಿಂದಿನಿಂದ ದೂಡಿದಂತೆ, ಹೇಳಿಬಿಟ್ಟೆ.

“ನಮ್ಮನೀ ವೋಟು ನಿಮಗ ಬಿದ್ದದರಿ.”

ಹೇಳುವಾಗಲೇ ಆ ಮಾತು ನನ್ನ ಕಿವಿಗೆ ಬಿತ್ತು. ಇಡೀ ಸಂಜೆ ಕೇಳಿದ್ದ ಮಾತುಗಳಿಗೂ ಅದಕ್ಕೂ ಯಾವ ವ್ಯತ್ಯಾಸವೂ ಇರಲಿಲ್ಲ.

ಆಕೆ ನನ್ನ ಮುಖ ನೋಡಿದರು. ಬೇಸರವೇನೂ ಕಾಣಲಿಲ್ಲ, ಬಹಳ ಮರ್ಯಾದೆಯಿಂದ ನಕ್ಕರು.

“ಗೊತ್ತೈತ್ರಿ ವೈನಿ. ಕುಂದರ್ರಿ, ಚಾ ಕುಡದ ಹೋಗ್ರಿ.”

ಒಳಗೆ ಹೋಗಿ ತಾವೇ ಚಹಾ ಮಾಡಿ, ಕಪ್ಪನ್ನು ಬಸಿಯಲ್ಲಿಟ್ಟು ತಂದು ನನ್ನ ಕೈಗೆ ಕೊಟ್ಟರು. ನಾನು ಹೊರಗಿನ ಖೋಲಿಯಲ್ಲಿ, ಉಳಿದವರ ಸಾಲಿನಲ್ಲಿ ಕೂತು, ಅದನ್ನು ಕುಡಿದೆ.